ಪ್ರಶಸ್ತಿ ಸಮಾರಂಭದಲ್ಲಿ ನಾನು ನಕ್ಕದ್ದು

ಟಿವಿಯಲ್ಲಿ ಸಿನಿಮಾ ಪ್ರಶಸ್ತಿ ಸಮಾರಂಭ ನೋಡುವುದರಲ್ಲಿ ನನ್ನಷ್ಟು ಅನುಭವಸ್ಥ ಗೋರೆಗಾಂವ್‌ನಲ್ಲಿ ಇನ್ನೊಬ್ಬನಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು. ಸೋಫಾದ ಮೇಲೆ ಕಾಲು ಚಾಚಿ ಕುಳಿತು, ಯಾರಿಗೆ ಪ್ರಶಸ್ತಿ ಬಂದರೂ "ಇವಗ್ಯಾಕ ಕೊಟ್ರು?" ಎಂದು ಕೇಳುವ ಗುರುತರ ಹೊಣೆಯನ್ನು ನಾನು ಧಾರವಾಡ ಬಿಟ್ಟು ಮುಂಬೈಗೆ ಬಂದಾಗಿನಿಂದ ತಪ್ಪದೆ ನಿಭಾಯಿಸಿಕೊಂಡು ಬಂದಿದ್ದೇನೆ.

ಹೀಗಿರುವಾಗ ನಮ್ಮ ಬಿಲ್ಡಿಂಗಿನ ವಾಸಣ್ಣನೇ ಪ್ರಶಸ್ತಿಯ ಸ್ಪರ್ಧೆಗೆ ಆಯ್ಕೆಯಾದವರಲ್ಲಿ ಒಬ್ಬರಾದರು. ವಾಸಣ್ಣ ಉಡುಪಿ ಕಡೆಯವರು. ಹೋಟೆಲ್ ಕೆಲಸಕ್ಕೆಂದು ಬಂದು, ಹೇಗೋ ಫಿಲ್ಮ್ ಸಿಟಿ ಸೇರಿ, ಅಲ್ಲೇ ಮೇಕಪ್ ಮಾಡುತ್ತ ತಲೆ ನರೆಸಿಕೊಂಡವರು. ಸಮಾರಂಭಕ್ಕೆ ಜೊತೆಗೊಬ್ಬರನ್ನು ಕರೆತರಲು ಅವರಿಗೆ ಒಂದು ಪಾಸ್ ಸಿಕ್ಕಿತ್ತು. ಮಕ್ಕಳಿಲ್ಲ. ಹೆಂಡತಿ ಸುಮತಕ್ಕ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

"ಇದು ಸುಮತಿ ಕೂರಬೇಕಿದ್ದ ಕುರ್ಚಿ. ನೀವು ಬನ್ನಿ ಕುಲಕರ್ಣಿಯವರೇ. ನಮ್ಮವರು ಅಂತ ಒಬ್ಬರಾದ್ರೂ ಅಲ್ಲಿ ಇರ್ಲಿ" ಎಂದು ಪಾಸನ್ನು ನನ್ನ ಕೈಗಿಟ್ಟರು.

ಪಾಸನ್ನು ಕಣ್ಣಿಗೊತ್ತಿಕೊಂಡೆ. ಮರುಕ್ಷಣವೇ, ಯಾವ ಬಣ್ಣದ ಟೈ ಕಟ್ಟಿಕೊಂಡರೆ ಟಿವಿಯಲ್ಲಿ ಎದ್ದು ಕಾಣುತ್ತದೆ ಎಂಬ ಯೋಚನೆ ಬಂತು!

ಮಗಳ ಮದುವೆಗೆ ಹೊಲಿಸಿದ್ದ ಸೂಟಿನೊಳಗೆ ಉಸಿರು ಬಿಗಿಹಿಡಿದು ನುಗ್ಗಿ ಹೊರಟೆ. ಅಲ್ಲಿ ಸ್ಪರ್ಧೆಯಲ್ಲಿದ್ದವರಿಗೆ ಮುಂದಿನ ಸಾಲು, ಜೊತೆಗೆ ಬಂದವರಿಗೆ ಹಿಂದಿನ ಸಾಲು. ಕಾರ್ಯಕ್ರಮ ಶುರುವಾಗುವ ಮೊದಲು ಕಿವಿಗೆ ಹೆಡ್‌ಫೋನ್ ಹಾಕಿದ ಒಬ್ಬಾತ ಬಂದು, ನಮಗೆಲ್ಲ ಚಪ್ಪಾಳೆ ತಟ್ಟಲು, ಆಮೇಲೆ ನಗಲು, ಆಮೇಲೆ ದುಃಖಪಡಲು ಹೇಳಿದ. ಇವನ್ನೆಲ್ಲ ಮೊದಲೇ ಚಿತ್ರೀಕರಿಸಿಟ್ಟುಕೊಂಡು ನಂತರ ಬೇಕಾದ ಕಡೆ ಸೇರಿಸುತ್ತಾರಂತೆ. ಮಿಕ್ಕವರು ಸಂಕೋಚದಿಂದ ಮುಗುಳ್ನಕ್ಕರು. ನಾನು ಮೂವತ್ತೆರಡೂ ಹಲ್ಲು ಬಿಟ್ಟು, ತೊಡೆ ತಟ್ಟಿಕೊಂಡು, ಕುರ್ಚಿ ಅಲುಗಾಡುವಂತೆ ನಕ್ಕೆ.

"ಅಂಕಲ್, ಬಹುತ್ ಬಢಿಯಾ. ಏಕ್ ಬಾರ್ ಔರ್" ಎಂದ ಆತ. ನಾನು ಇನ್ನೊಮ್ಮೆ ನಕ್ಕೆ. ಸೂಟಿನ ಗುಂಡಿ ಹಾರಿಹೋಯಿತು!

ಕಾರ್ಯಕ್ರಮ ಶುರುವಾಯಿತು. ಕುಣಿತವಾದ ಮೇಲೆ ಕುಣಿತ. ಹೊಟ್ಟೆ ಚುರುಗುಟ್ಟತೊಡಗಿತು. ಹೊರಗೆ ತಿಂಡಿಯ ವ್ಯವಸ್ಥೆಯಿದೆ ಎಂದು ಪಕ್ಕದವರು ಹೇಳಿದರು. ಮೇಕಪ್ಪಿನ ಸರದಿಗೆ ಇನ್ನೂ ಬಹಳ ಹೊತ್ತಿದೆ ಎಂದು, ನನ್ನ ಸುದೀರ್ಘ ಟಿವಿ ಅನುಭವದ ಆಧಾರದ ಮೇಲೆ ತೀರ್ಮಾನಿಸಿ ಹೊರಗೆ ಹೋದೆ. ಪನೀರ್ ಟಿಕ್ಕಾ ಇತ್ತು. ಹಸಿರು ಚಟ್ನಿ ಇತ್ತು. ಎರಡನೆಯ ಪ್ಲೇಟಿಗೆ ಕೈ ಹಾಕಿದಾಗ ಒಳಗಿನಿಂದ ಜೋರು ಚಪ್ಪಾಳೆ ಕೇಳಿಸಿತು. ಓಡಿದೆ. ಬಾಗಿಲು ಮುಚ್ಚಿತ್ತು. ಬ್ರೇಕ್ ಆಗುವವರೆಗೆ ಯಾರನ್ನೂ ಬಿಡುವಂತಿಲ್ಲ ಎಂದ ಕಾವಲಿನವನು.

ಬ್ರೇಕಿನಲ್ಲಿ ವಾಸಣ್ಣನೇ ಪ್ರಶಸ್ತಿ ಹಿಡಿದುಕೊಂಡು ಹೊರಗೆ ಬಂದರು.

"ನಾನು ಮಾತಾಡಿದ್ದು ಕೇಳಿದ್ರಾ?" ಎಂದು ಕೇಳಿದರು.

"ಕೇಳೂದೇನು, ಅತ್ತೇ ಬಿಟ್ಟೆ ವಾಸಣ್ಣ" ಎಂದೆ. ಅವರು ನನ್ನ ಟೈ ಮೇಲಿನ ಚಟ್ನಿಯನ್ನು ಒಂದು ಕ್ಷಣ ನೋಡಿ, ನನ್ನ ಕೈ ಹಿಡಿದು ಅದುಮಿದರು.

ಅಲ್ಲಿಗೆ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಲಿಫ್ಟಿನಲ್ಲಿ, ಲೋಕಲ್ ರೈಲಿನಲ್ಲಿ, ಫೋರ್ಟ್ ಏರಿಯಾದ ನನ್ನ ಆಫೀಸಿನಲ್ಲಿ, ನಾನು ಅತ್ತ ಕತೆಯನ್ನು ಎಲ್ಲರಿಗೂ ಹೇಳಿದೆ. ಹೇಳಿದಂತೆಲ್ಲ ಕಣ್ಣೀರು ಹೆಚ್ಚಾಗುತ್ತ ಹೋಯಿತು. ಕೆಲವು ವಾರಗಳ ನಂತರ, ಒಂದು ಭಾನುವಾರ ಸಂಜೆ ಕಾರ್ಯಕ್ರಮ ಟಿವಿಯಲ್ಲಿ ಬರುತ್ತದೆಂದು ಗೊತ್ತಾದಾಗ ಅಕ್ಕಪಕ್ಕದವರನ್ನೆಲ್ಲ ಮನೆಗೆ ಕರೆದೆ. ನನ್ನ ಹೆಂಡತಿ ಸುಜಾತಾ ದೊಡ್ಡ ಪಾತ್ರೆ ತುಂಬ ಮಂಡಕ್ಕಿ ಹಾಕಿ ಗಿರಮಿಟ್ಟು ಕಲಸಿದಳು. ವಾಸಣ್ಣನನ್ನು ಸೋಫಾದ ನಡುವೆ ಕೂರಿಸಿದೆವು.

ಟಿವಿಯಲ್ಲಿ ವಾಸಣ್ಣನ ಹೆಸರು ಕರೆದರು. ಅವರು ತಕ್ಷಣ ಏಳಲಿಲ್ಲ. ಹಿಂದೆ ತಿರುಗಿ ಯಾರನ್ನೋ ಹುಡುಕುವವರಂತೆ ನೋಡಿದರು. ಆಮೇಲೆ ವೇದಿಕೆ ಹತ್ತಿ, ಮೆಲ್ಲಗೆ ಹಿಂದಿಯಲ್ಲಿ ಮಾತಾಡಿದರು. ಶೂಟಿಂಗ್ ಮುಗಿಸಿ ಮನೆಗೆ ಹೋದರೆ ಬೆರಳಿಗೆ ಹತ್ತಿದ ಬಣ್ಣವನ್ನು ಹೆಂಡತಿ ಕೊಬ್ಬರಿ ಎಣ್ಣೆ ಹಚ್ಚಿ ತೆಗೆಯುತ್ತಿದ್ದಳು, ಈಗ ಬಣ್ಣ ಹಾಗೇ ಉಳಿಯುತ್ತದೆ ಎಂದರು. ನಮ್ಮ ಹಾಲ್‌ನಲ್ಲಿ ಎಲ್ಲರೂ ತಿನ್ನುವುದನ್ನು ನಿಲ್ಲಿಸಿದರು.

ಆಗ ಪರದೆಯ ತುಂಬ ನಾನು ಬಂದೆ. ಹಲ್ಲು ಬಿಟ್ಟು, ತೊಡೆ ತಟ್ಟಿಕೊಂಡು ನಗುತ್ತಿದ್ದೆ!

ವಾಸಣ್ಣ ವೇದಿಕೆಯ ಮೇಲೆ ಕಣ್ಣೊರೆಸಿಕೊಂಡರು. ಮತ್ತೆ ನಾನು. ಈ ಸಲ ಗುಂಡಿಯೂ ಹಾರಿತು.

ಎದುರು ಮನೆಯ ಜೋಶಿ ಕಾಕು ಪ್ಲೇಟನ್ನು ಕೆಳಗಿಟ್ಟರು. ಸುಜಾತಾ ನನ್ನ ಕಡೆ ತಿರುಗಿ, "ಸುಮತಕ್ಕನ ಮಾತ ಬಂದಾಗ ನೀವು ನಗಾಕತ್ತಿದ್ರೇನು?" ಎಂದು ಮೆಲ್ಲಗೆ ಕೇಳಿದಳು.

ಆ ನಗು ಮೊದಲೇ ತೆಗೆದದ್ದು ಎಂದರೆ, ಹಾಗಾದರೆ ನೀವು ಅತ್ತದ್ದನ್ನು ಯಾಕೆ ತೋರಿಸಲಿಲ್ಲ ಎಂದು ಕೇಳುತ್ತಾರೆ. ಅಳಲೇ ಇಲ್ಲ, ಅಲ್ಲಿ ಇರಲೇ ಇಲ್ಲ, ಪನೀರ್ ತಿನ್ನುತ್ತಿದ್ದೆ ಎನ್ನಬೇಕು. ಸತ್ತವರ ನೆನಪಿಗೆ ನಕ್ಕವನಾಗುವುದೋ, ಅವರ ಕುರ್ಚಿ ಬಿಟ್ಟು ತಿನ್ನಲು ಓಡಿದವನಾಗುವುದೋ? ನಾನು ಯೋಚಿಸುತ್ತಿದ್ದಂತೆಯೇ ಒಬ್ಬೊಬ್ಬರಾಗಿ ಎದ್ದು ಹೋದರು. ಕೊನೆಗೆ ವಾಸಣ್ಣನೂ "ಬರ್ತೇನೆ" ಎಂದು ಎದ್ದರು.

ಮೆಟ್ಟಿಲ ಹತ್ತಿರ ಅವರನ್ನು ತಡೆದು ನಿಲ್ಲಿಸಿ ಎಲ್ಲವನ್ನೂ ಒದರಿಬಿಟ್ಟೆ. ಪನೀರ್, ಬಾಗಿಲು, ಸುಳ್ಳು ಕಣ್ಣೀರು, ಎಲ್ಲ. ಸುಜಾತಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ನಗು ಮೊದಲೇ ತೆಗೆದದ್ದು ಅಂತ ನನಗೆ ಗೊತ್ತುಂಟು ಮಾರಾಯ್ರೆ. ಎಷ್ಟು ವರ್ಷದಿಂದ ಅದೇ ಕೆಲಸದಲ್ಲಿ ಇದ್ದೇನಲ್ಲ" ಎಂದರು ವಾಸಣ್ಣ. ಒಂದು ಮೆಟ್ಟಿಲು ಹತ್ತಿ ತಿರುಗಿ, "ಹೆಸರು ಕರೆದಾಗ ನಾನು ಹಿಂದೆ ತಿರುಗಿ ನೋಡಿದ್ದೆ. ಕುರ್ಚಿ ಖಾಲಿ ಇತ್ತು. ಆದ್ರೂ ನೀವು ಅತ್ತೇ ಬಿಟ್ಟೆ ಅಂದಾಗ, ನಂಬುವ ಅಂತ ಅನ್ನಿಸ್ತು" ಎಂದರು.

ನಿಧಾನವಾಗಿ ಮೆಟ್ಟಿಲು ಹತ್ತಿ ಹೋದರು. ನಾನು ಅಲ್ಲೇ ನಿಂತು ಅತ್ತೆ. ಇದು ನಿಜವಾದ ಅಳು. ನೋಡಲು ಒಂದು ಕ್ಯಾಮೆರಾ ಕೂಡ ಇರಲಿಲ್ಲ.

ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ಒಳಗೆ ಬಂದೆ. ಸುಜಾತಾ ಪಾತ್ರೆಯಲ್ಲಿ ಉಳಿದ ಗಿರಮಿಟ್ಟನ್ನೆಲ್ಲ ತಂದು ನನ್ನ ಮುಂದಿಟ್ಟಳು.

"ತಿನ್ರಿ. ಅದಕ್ಕ ಹೋಗಿದ್ರಲ್ಲ" ಎಂದಳು.

ತಿಂದೆ.