ಬೀಸುಕಲ್ಲಿನ ಕಾಗದ

ಓದಿದವನಿಗೆ ಎಲ್ಲವನ್ನೂ ಓದಲು ಬರುತ್ತದೆಂಬ ನಂಬಿಕೆ ಓದದವರಿಗಿಂತ ಓದಿದವನಿಗೇ ಹೆಚ್ಚು. ಗೊಂಬೆಗೆ ಬಣ್ಣ ಬಳಿಯುವ ನಮ್ಮ ಮನೆತನದಲ್ಲಿ ಹೈದರಾಬಾದಿಗೆ ಹೋಗಿ ಬಿ.ಎ. ಮಾಡಿದವನು ನಾನೇ ಮೊದಲಿಗ. ಒಪ್ಪತ್ತು ಉಂಡು, ಪುಸ್ತಕ ಬೇಡಿ ತಂದು ಓದಿದ್ದೇನೆ. ಆ ಹೆಮ್ಮೆಯನ್ನು ಮುಚ್ಚಿಡುವವನಲ್ಲ. ಆದರೆ ಆ ವರ್ಷ ಬಾಣಂತನಕ್ಕೆಂದು ಕಿನ್ನಾಳದ ತವರಿಗೆ ಹೋದ ಹೆಂಡತಿ, ಕೂಸಿಗೆ ಐದು ತಿಂಗಳು ತುಂಬಿದರೂ ಕೊಪ್ಪಳಕ್ಕೆ ಬರದಿದ್ದಾಗ ನನ್ನ ಬಿ.ಎ. ಯಾವ ಕೆಲಸಕ್ಕೂ ಬರಲಿಲ್ಲ.

ಅವಳಿಗೆ ಅಕ್ಷರ ಬಾರದು. ನನ್ನ ಕಾಗದಗಳನ್ನು ಮಾವನವರು ಪಡಸಾಲೆಯಲ್ಲಿ ಕೂತು ಇಡೀ ಓಣಿಗೆ ಕೇಳುವಂತೆ ಓದುತ್ತಿದ್ದರು. 'ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ' ಎಂದು ಹೇಗೆ ಬರೆಯಲಿ? 'ಇತ್ತ ಕ್ಷೇಮ' ಎಂದು ಬರೆದು ಬರೆದು ಬೇಸತ್ತೆ. ಒಂದು ಶುಕ್ರವಾರ, ಆಗಿನ ಹೈದರಾಬಾದ್ ಸರಕಾರದ ಕಚೇರಿಗೆ ವಾರದ ರಜೆ, ಅವಳ ಬೀಸುಕಲ್ಲಿನ ಮೇಲೆ ತೆಳುಕಾಗದ ಹಾಸಿ ಸೀಸದಕಡ್ಡಿಯಿಂದ ತಿಕ್ಕಿದೆ. ಉಳಿಯ ಗುಳಿಗಳೆಲ್ಲ ಎದ್ದು ಬಂದವು. ಅದೇ ಕಾಗದದ ಮೇಲೆ ಅವಳು ಹೊಲಿದ ಕೌದಿಯ ಹೊಲಿಗೆ ತಿಕ್ಕಿದೆ, ಅದರ ಮೇಲೆ ಬಾಗಿಲ ಹಲಗೆ. ಅವಳ ಕೈಯಾಡಿ ನುಣುಪಾದ ಕಡೆ ಮಾತ್ರ ಎಷ್ಟು ತಿಕ್ಕಿದರೂ ಬರೀ ಬೂದಿಬಣ್ಣ. ಅಲ್ಲೇ ಮತ್ತೆ ಮತ್ತೆ ತಿಕ್ಕುತ್ತ ಕೂತೆ. ನೆರೆಮನೆಯ ಈರವ್ವ ಇಣುಕಿ, "ತಮ್ಮಾ, ಕಲ್ಲಿಗೆ ಕಾಗದ ತಿಕ್ಕಾಕ ಹೈದ್ರಾಬಾದಿನ ತನಕ ಹೋಗಬೇಕಿತ್ತೇನೋ?" ಅಂದಳು.

ಅಕ್ಷರವಿಲ್ಲದ ಆ ಕಾಗದವನ್ನು ಅವಳೇ ಓದಲಿ ಎಂದು ಕಳಿಸಿಯೇಬಿಟ್ಟೆ. ಮಾವನವರ ಉತ್ತರ ಬಂತು: 'ನೀವು ಕಳಿಸಿದ ಮೋಡದ ಚಿತ್ರ ತಲುಪಿತು. ಆ ಕಡೆ ಮಳೆ ಛಲೋ ಆದಂತೆ ಕಾಣುತ್ತದೆ.' ಜೊತೆಗೆ ಇನ್ನೊಂದು ಕಾಗದ, ಇದ್ದಿಲಿನಿಂದ ತಿಕ್ಕಿದ್ದು. ಅವಳದು! ಅಡ್ಡಡ್ಡ, ಉದ್ದುದ್ದ ಹೆಣೆದ ಗೆರೆಗಳು. ಮೂರು ದಿನ ತಿರುಗಿಸಿ ಮುರುಗಿಸಿ ನೋಡಿ, ಇದು ಚಾಪೆ ಎಂದು ನಿರ್ಧರಿಸಿದೆ. ಅಂದರೆ ತವರಿನಲ್ಲಿ ಸುಖವಾಗಿ ಮಲಗಿದ್ದಾಳೆ, ಬರುವ ಮನಸ್ಸಿಲ್ಲ! ಸಿಟ್ಟಿನಲ್ಲಿ 'ಮನಸ್ಸಿಗೆ ಬಂದಷ್ಟು ದಿನ ಅಲ್ಲೇ ಇರಲಿ' ಎಂದು ಬರೆದು ಟಪಾಲಿಗೆ ಹಾಕಿ ಬಂದೆ.

ಸಂಜೆ ಈರವ್ವನಿಗೆ ತೋರಿಸಿದೆ. "ಚಾಪಿ ಅಂತ, ಚಾಪಿ! ಮೂಲ್ಯಾಗ ಈ ಡೊಂಕು ಕಾಣಂಗಿಲ್ಲೇನು? ಇದು ಬುತ್ತಿಬುಟ್ಟಿ ಮುಚ್ಚಳ. ಮಗಳನ್ನ ಗಂಡನ ಮನಿಗೆ ಕಳಸಾಕ ಅಟ್ಟದ ಮ್ಯಾಲಿಂದ ಬುಟ್ಟಿ ಇಳಿಸ್ಯಾರ. ಹೊಂಟು ನಿಂತಾಳೋ ನಿನ್ನ ಹೇಣ್ತಿ!"

ಮರುದಿನ ಕಚೇರಿಗೆ ಹೊಟ್ಟೆನೋವಿನ ಅರ್ಜಿ ಕೊಟ್ಟು ಕಿನ್ನಾಳದ ಹಾದಿ ಹಿಡಿದೆ. ಮಾವನವರು ಬಣ್ಣದ ಕೈಯಲ್ಲೇ ಎದ್ದು ನಿಂತು, "ಬರ್ರಿ ಅಳಿಯಂದಿರ, ಏನು ದಿಢೀರಂತ? ಕಾಗದನೂ ಇಲ್ಲ!" ಎಂದರು. ಸದ್ಯ, ಟಪಾಲು ಇನ್ನೂ ಬಂದಿರಲಿಲ್ಲ. ಒಳಬಾಗಿಲ ಮರೆಯಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದವಳು ಮೆಲ್ಲಗೆ ಕೇಳಿದಳು:

"ನಂದು ಓದಾಕ ಬಂತೇನ್ರಿ?"

"ಬಿ.ಎ. ಮಾಡಿದಂವಗ ಅದೇನು ದೊಡ್ಡದು?" ಅಂದೆ.

ಮರುದಿನ ಮನೆಯವರು ಏಳುವ ಮೊದಲೇ ಹೋಗಿ, ಟಪಾಲಿನವನ ದಾರಿ ಕಾಯುತ್ತ ಊರ ಅಗಸಿ ಬಾಗಿಲಲ್ಲಿ ನಿಂತೆ.