ಪೂರ್ತಿ ಹೆಸರಿಲ್ಲದ ಗಿಡ

ಮೂವತ್ತು ವರ್ಷ ಎಸ್ಟೇಟುಗಳಲ್ಲಿ ಕಳೆ ಕಿತ್ತವನು ನಾನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ, ಕುಡುಗೋಲು ಬಿಡಲಿಲ್ಲ. ನಾನು ಕೈಯಾಡಿಸಿದ ತೋಟದಲ್ಲಿ ಕಳೆ ತಲೆಯೆತ್ತಲು ಹೆದರುತ್ತದೆ ಎಂದು ಯಸಳೂರಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರೇ ಹೇಳಿದ್ದುಂಟು. ಇಂಥವನ ವಶಕ್ಕೆ ಗಾಜಿನ ತೊಟ್ಟಿಯೊಂದನ್ನು ಒಪ್ಪಿಸಿ ಮಗಳು ಸವಿತಾ ಹಾಸನಕ್ಕೆ ಪರೀಕ್ಷೆ ಬರೆಯಲು ಹೋದಳು.

ಅವಳು ಓದುವುದು ಸಸ್ಯಶಾಸ್ತ್ರ. ತೊಟ್ಟಿಯಲ್ಲಿ ಹಳ್ಳದಿಂದ ತಂದ ಐದು ನೀರುಗಿಡ. ಅವಳ ಕಾಲೇಜಿನ ಪ್ರಾಜೆಕ್ಟು ಅವುಗಳ ಮೇಲೆಯೇ. ಒಂದೊಂದಕ್ಕೂ ಗಾಜಿನ ಮೇಲೆ ಹೆಸರಿನ ಚೀಟಿ.

"ನೀರು ಕಮ್ಮಿಯಾದ್ರೆ ಹಾಕಪ್ಪ, ಅಷ್ಟೇ ಸಾಕು" ಅಂದಿದ್ದಳು. ಸಾಕು ಅಂದರೆ ಸುಮ್ಮನಿರುವ ಆಸಾಮಿಯೇ ನಾನು?

ನಾಲ್ಕನೇ ದಿನ ಚೀಟಿಗಳನ್ನು ತನಿಖೆಗೆ ಎತ್ತಿಕೊಂಡೆ. ಕಾಫಿ ಮೂಟೆಯ ಮೇಲಿನ ಬರಹ ನೋಡಿ ಇಂಗ್ಲಿಷ್ ಅಕ್ಷರ ಕಲಿತವನು ನಾನು. ಮೂರು ಗಿಡಕ್ಕೆ ಎರಡೆರಡು ಉದ್ದುದ್ದ ಹೆಸರು. ನಾಲ್ಕನೆಯದರ ಹೆಸರಿನ ನಡುವೆ 'ಸಿಎಫ್'. ಐದನೆಯದಕ್ಕೆ ಒಂದೇ ಹೆಸರು, ಬಾಲಕ್ಕೆ 'ಎಸ್‌ಪಿ'. ಇದು ಪೊಲೀಸ್ ಎಸ್‌ಪಿ ಅಲ್ಲ ಎನ್ನುವಷ್ಟು ಬುದ್ಧಿ ನನಗೂ ಇದೆ!

ಆ ಐದನೆಯ ಗಿಡ ನೋಡಿದರೆ ಹುಲ್ಲಿನ ಗುಪ್ಪೆ. ನಡುವೆ ಒಂದು ಬಿಳಿ ಮೊಗ್ಗು. ಕಳೆಯನ್ನು ಹೂವಾಗುವ ಮೊದಲೇ ಕೀಳಬೇಕು. ಬೀಜ ಉದುರಿತೋ, ತೋಟ ಕೆಟ್ಟಿತು!

"ಅದ್ನ ಯಾಕ್ರೀ ಮುಟ್ತೀರಾ?" ಹೆಂಡತಿ ಒಳಗಿನಿಂದ ಕೂಗಿದಳು.

"ಪೂರ್ತಿ ಹೆಸ್ರೇ ಇಲ್ಲ ಕಣೇ ಇದಕ್ಕೆ. ಕಳೆ ಅಲ್ದೆ ಇನ್ನೇನು?"

"ನಮ್ಮ ಹಿತ್ಲಲ್ಲಿ ಅರ್ಧ ಸೊಪ್ಪಿಗೆ ಹೆಸ್ರಿಲ್ಲ. ಸಾರು ಮಾಡಿದ್ರೆ ಉಣ್ಣಲ್ವಾ ನೀವು?"

ಹೆಂಗಸರಿಗೆ ವೃತ್ತಿಧರ್ಮ ತಿಳಿಯದು. ಬೇರಿನ ಒಂದೆಳೆಯೂ ಉಳಿಯದಂತೆ ಕಿತ್ತು, ಹಿತ್ತಲ ಬಂಡೆಯ ಮೇಲೆ ಬಿಸಿಲಿಗೆಸೆದೆ. ಸಿಎಫ್ ಗಿಡವನ್ನು ಮಾತ್ರ, ಅನುಮಾನದ ಲಾಭ ಕೊಟ್ಟು, ಬಿಟ್ಟೆ.

ಶನಿವಾರ ಸವಿತಾ ಬಂದಳು. ಹೆಗಲ ಬ್ಯಾಗು ಇಳಿಸದೆ ತೊಟ್ಟಿಯ ಮುಂದೆ ನಿಂತಳು.

"ಅಪ್ಪ, ಇಲ್ಲಿದ್ದ ಎಸ್‌ಪಿ ಎಲ್ಲಿ?"

"ಕಳೆ ಕಿತ್ತಿವ್ನಿ ಮಗ!"

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೆಲದ ಮೇಲೆ ಕೂತು ಮೆಲ್ಲಗೆ ಹೇಳಿದಳು: "ಸಿಎಫ್ ಅಂದ್ರೆ ಇಂಥ ಗಿಡದಂಗೆ ಕಾಣ್ತೈತೆ, ಹೋಲಿಸಿ ನೋಡ್ಬೇಕು ಅಂತ. ಎಸ್‌ಪಿ ಅಂದ್ರೆ ಮನೆತನ ಗೊತ್ತು, ಆ ಮನೇಲಿ ಯಾರು ಅಂತ ಇನ್ನೂ ಗೊತ್ತಿಲ್ಲ ಅಂತ. ಹೂ ಅರಳಿದ್ರೆ ತಾನೇ ಗೊತ್ತಾಗೋದು? ಎಂಟು ತಿಂಗ್ಳಿಂದ ಕಾಯ್ತಿದ್ದೆ ಅಪ್ಪ."

"ಅಳ್ಬೇಡ, ಹಳ್ಳದಿಂದ ಇನ್ನೊಂದು ತಂದ್ಕೊಡ್ತೀನಿ."

"ಆ ಹಳ್ಳಕ್ಕೆ ಮಣ್ಣು ತುಂಬಿ ರಸ್ತೆ ಮಾಡ್ಬುಟ್ರಲ್ಲಪ್ಪ."

ಬಂಡೆಯ ಹತ್ತಿರ ಓಡಿದೆ. ಮೊಗ್ಗು ಬೆರಳು ತಾಗಿದ್ದೇ ಪುಡಿಯಾಯಿತು. ಮೂವತ್ತು ವರ್ಷದಲ್ಲಿ ಇಷ್ಟು ಶುದ್ಧವಾಗಿ ನಾನು ಯಾವ ಕಳೆಯನ್ನೂ ಕಿತ್ತಿರಲಿಲ್ಲ.

ಪ್ರಾಜೆಕ್ಟಿನಲ್ಲಿ ಈಗ ನಾಲ್ಕೇ ಗಿಡ. ತೊಟ್ಟಿಯ ಮೇಲೆ ಮಾತ್ರ ಹೊಸ ಚೀಟಿಯೊಂದು ಬಂದಿದೆ. ನಾಲ್ಕನೇ ಕ್ಲಾಸಿನವನಿಗೂ ಅರ್ಥವಾಗುವಂತೆ ದಪ್ಪ ಕನ್ನಡ, ಒಂದಕ್ಷರವೂ ಮೊಟಕಿಲ್ಲ:

'ಅಪ್ಪ ಮುಟ್ಟಬಾರದು.'