ಗೊಂಬೆ ಬದುಕಿಸುವ ಪರೀಕ್ಷೆ

ಊರು ಬಿಟ್ಟು ಬಂದು, ತೆಲುಗು ಸೀಮೆಯ ಕಾಚಿಗೂಡದ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಡಾಕ್ಟರಾಗಿದ್ದೇನೆ. ಏನಾದರೊಂದು ನಗೆಪಾಟಲಿನ ಪ್ರಸಂಗ ನಡೆಯದ ವಾರವೇ ಇಲ್ಲ. ಈಚೆಗೆ ಅವೆಲ್ಲ ನನಗೇ ಆಗುತ್ತಿವೆ ಅನ್ನುವುದೇ ದುಃಖ. ನಮ್ಮಲ್ಲಿ ಆಗಾಗ ರಬ್ಬರ್ ಗೊಂಬೆಯ ಎದೆ ಒತ್ತಿ, ಜೀವ ಉಳಿಸುವ ಪರೀಕ್ಷೆ ಪಾಸಾಗಬೇಕು. ಮೂರು ಸಲ ಫೇಲಾದರೆ ಹೆಲ್ತ್ ಚೆಕಪ್ ವಿಭಾಗಕ್ಕೆ ಎತ್ತಂಗಡಿ. ಗಟ್ಟಿಮುಟ್ಟಾದವರ ತೂಕ ನೋಡುತ್ತ ಕೂರುವುದೆಂದರೆ ನನಗೆ ಜೀವ ಹೋದಂತೆಯೇ.

೧. ಹೊರಗೆ ನಿಲ್ಲಿ

ಮೊದಲ ಸಲ ಗೊಂಬೆಯ ಮುಂದೆ ಮಂಡಿಯೂರಿದೆ. ಹಳೇ ಚಾಳಿ ಎಲ್ಲಿ ಬಿಟ್ಟೀತು? "ಪೇಷಂಟ್ ಕಡೆಯವರೆಲ್ಲ ಹೊರಗೆ ನಿಲ್ಲಿ!" ಎಂದು ಗದರಿದೆ. ಪರೀಕ್ಷಕರು ತೆಪ್ಪಗೆ ಎದ್ದು ಹೊರಗೆ ಹೋದರು. ನಾನು ಬೆವರು ಸುರಿಸಿ ಎದೆ ಒತ್ತಿದ್ದನ್ನು ನೋಡಿದ್ದು ಗೊಂಬೆ ಮಾತ್ರ. ಫೇಲು.

೨. ಓದುವ ಡಾಕ್ಟರು

ಎರಡನೇ ಪರೀಕ್ಷೆಯ ಬೆಳಿಗ್ಗೆ ಡ್ಯೂಟಿಯಲ್ಲೇ ಜೀವ ಉಳಿಸುವ ಹೊಸ ನಿಯಮಗಳ ಪುಸ್ತಕ ಓದುತ್ತಿದ್ದೆ. ಇದೇ ಊರಿನ ನಾಚಾರಂ ಬಡಾವಣೆಯಿಂದ ನಮ್ಮ ವಿಜಯಪುರ ಕಡೆಯ ಹಿರಿಯರೊಬ್ಬರು ಎದೆ ಹಿಡಿದುಕೊಂಡು ಬಂದರು. ಖಾಲಿ ಹೊಟ್ಟೆಯಲ್ಲಿ ದವಾಖಾನೆಗೆ ಹೋಗಬಾರದೆಂದು ಹೆಂಡತಿ ಎರಡು ರೊಟ್ಟಿ ತಿನ್ನಿಸಿಯೇ ಕರೆತಂದಿದ್ದರು. ಹಿರಿಯರ ಕಣ್ಣು ನನ್ನ ಪುಸ್ತಕದ ಮೇಲೆ ಬಿತ್ತು.

"ಇನ್ನೂ ಓದಾಕತ್ತೀರೇನ್ರಿ?"

"ನಿಯಮ ಬದಲಾಗ್ತಾವ್ರಿ, ಓದಬೇಕಾಗ್ತದ."

ಹಿರಿಯರು ಹೆಂಡತಿಯ ಕಡೆ ತಿರುಗಿದರು: "ನಡಿ, ಇವರು ಓದಿ ಮುಗಿಸಿದ ಮ್ಯಾಲೆ ಬರೂಣು."

ಕೈಕಾಲು ಹಿಡಿದು ಕೂರಿಸಿ, ಇಸಿಜಿ ತೆಗೆದು, ಹೃದಯದ ಡಾಕ್ಟರಿಗೆ ಒಪ್ಪಿಸುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಹಾಜರಾಗದವರೂ ಫೇಲು.

೩. ಕಡೆಯ ಅವಕಾಶ

ಮೂರನೇ ಸಲದ ಪರೀಕ್ಷಕ ಕಲಬುರಗಿಯ ಹುಡುಗ ಡಾಕ್ಟರು. ನಮ್ಮ ಕಡೆಯವನು ಎಂದು ನನಗೆ ಸಣ್ಣ ಆಸೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಂಡು, ಊಟ ಬಿಟ್ಟು ಪರೀಕ್ಷೆ ನಡೆಸುತ್ತಿದ್ದ ಪುಣ್ಯಾತ್ಮ ಕುರ್ಚಿಯಿಂದ ಜಾರಿ ಬಿದ್ದ.

ನನ್ನ ಜೊತೆ ಪರೀಕ್ಷೆಗೆ ಬಂದಿದ್ದ ಇಬ್ಬರು ಡಾಕ್ಟರುಗಳು ಇದೂ ಪರೀಕ್ಷೆಯ ಪ್ರಶ್ನೆಯೇ ಅಂದುಕೊಂಡರು. ಪ್ರತಿ ಹಂತವನ್ನೂ ಗಟ್ಟಿಯಾಗಿ ಹೇಳಬೇಕೆಂಬುದು ಈ ಪರೀಕ್ಷೆಯ ಪದ್ಧತಿ. ನಿಂತಲ್ಲೇ ನಿಂತು ಒಬ್ಬರು "ಸ್ಥಳ ಸುರಕ್ಷಿತವಾಗಿದೆ!" ಎಂದು ಕೂಗಿದರು. ಇನ್ನೊಬ್ಬರು "ಸಹಾಯಕ್ಕೆ ಕರೆಯುತ್ತಿದ್ದೇನೆ!" ಎಂದರು. ಆದರೆ ಯಾರನ್ನೂ ಕರೆಯಲಿಲ್ಲ.

ಬಿದ್ದವನ ಹಣೆಯ ಬೆವರು ಕಂಡು ನಾನು ಓಡಿದೆ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಪಾತಾಳದಲ್ಲಿ. ತುಟಿ ಬಿಚ್ಚದೆ ನರಕ್ಕೆ ಗ್ಲೂಕೋಸ್ ಏರಿಸಿದೆ. ಸ್ವಲ್ಪ ಹೊತ್ತಿಗೆ ಹುಡುಗ ಕಣ್ಣು ಬಿಟ್ಟ. ನಾನು ನಿಜಕ್ಕೂ ಅತ್ತುಬಿಟ್ಟೆ.

ಅವನು ಚಹಾ ಕುಡಿದು ಸುಧಾರಿಸಿಕೊಂಡು, ಅಂಕಪಟ್ಟಿ ಎಳೆದುಕೊಂಡು, ಆ ಇಬ್ಬರನ್ನು ಕೇಳಿದ: "ಇವರು ಹಂತ ಗಟ್ಟಿಯಾಗಿ ಹೇಳಿದ್ರೇನ್ರಿ?"

"ಒಂದೂ ಹೇಳಲಿಲ್ಲ."

ಅವನು ಎಡಗೈಯಿಂದ ನನ್ನ ಕೈ ಹಿಡಿದುಕೊಂಡು, ಬಲಗೈಯಿಂದ ಫೇಲು ಎಂದು ಬರೆದ. ಅವನ ಕಣ್ಣಲ್ಲೂ ನೀರಿತ್ತು.

"ಸರ್, ನಿಮ್ಮ ಕೈ ಭಾಳ ಚಲೋ ಅದಾವ್ರಿ. ಬಾಯಿ ಸಾಲಂಗಿಲ್ಲ."